ತಂತಿ ಆಫೀಸಿನಿಂದ ಬಂದ ಕೌಬಾಯ್

ಜೀನ್ ಆಟ್ರಿ ದೊಡ್ಡ ನಟನೇನಲ್ಲ. ಅವನಿಗಿಂತ ಒಳ್ಳೆ ಕಂಠ ಇದ್ದವರು ಆ ಕಾಲದಲ್ಲೇ ಇದ್ದರು. ಆದರೂ ಅಮೆರಿಕದ ಸಿನಿಮಾಗಳಲ್ಲಿ ಕುದುರೆ ಏರಿ ಹಾಡುವ ಕೌಬಾಯ್‌ಗಳು ಅಂದರೆ ಮೊದಲು ಬರೋದು ಅವನ ಹೆಸರೇ. ಬರೀ ಅದೃಷ್ಟ ಅಂತ ಸುಮ್ನೆ ತಳ್ಳಿಹಾಕುವವರ ಮಾತು ನಾನು ಒಪ್ಪಲ್ಲ. ತನ್ನ ಕೈಲಿ ಏನಾಗುತ್ತದೆ, ಏನಾಗಲ್ಲ, ಜನ ತನ್ನಿಂದ ಬಯಸುವುದೇನು ಅನ್ನೋದು ಅವನಷ್ಟು ಸರಿಯಾಗಿ ಗೊತ್ತಿದ್ದ ಕಲಾವಿದರು ಕಡಿಮೆ.

ಹುಟ್ಟಿದ್ದು 1907ರಲ್ಲಿ, ಟೆಕ್ಸಾಸ್‌ನ ಟಯೋಗ ಊರಿನ ಹತ್ತಿರ. ಹೊಟ್ಟೆಪಾಡಿಗೆ ಹಿಡಿದದ್ದು ಒಕ್ಲಹೋಮದ ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸ. ಕೆಲಸ ಇಲ್ಲದ ಹೊತ್ತಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ. 1928ರ ಹೊತ್ತಿಗೆ ಟಲ್ಸಾದ ರೇಡಿಯೋದಲ್ಲಿ ದನಿ ಕೇಳಿಸಿತು. 1931ರಲ್ಲಿ ರೈಲ್ವೆಯ ಗೆಳೆಯ ಜಿಮ್ಮಿ ಲಾಂಗ್ ಜೊತೆ ಸೇರಿ ಮಾಡಿದ, ತಲೆ ನರೆತ ಅಪ್ಪನ ಮೇಲಿನ ಹಾಡು ಮನೆಮಾತಾಯಿತು. ಆಮೇಲೆ ಷಿಕಾಗೋ ರೇಡಿಯೋ. ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿ ಅವನ ಹೆಸರಿನಲ್ಲೇ ಗಿಟಾರ್ ಮಾಡಿಸಿ ಕ್ಯಾಟಲಾಗ್‌ಗೆ ಹಾಕಿತು. ದುಡ್ಡಿಗೆ ಬರಗಾಲವಿದ್ದ ದಿನಗಳವು. ಆದರೂ ಹಳ್ಳಿ ಹುಡುಗರು ಅಂಚೆಯಲ್ಲಿ ಆ ಗಿಟಾರ್ ತರಿಸಿಕೊಂಡರು.

ಮುಂದೆ ಸಿನಿಮಾಕ್ಕೂ ಬಂದ. ಅವನ ಸಿನಿಮಾಗಳು ಒಟ್ಟು 93. ಕಥೆ ಹೆಚ್ಚುಕಡಿಮೆ ಒಂದೇ. ಆದರೆ ಗಮನಿಸಿ, ಅವು ಹಳೇ ಕಾಲದ ಕಥೆಗಳಲ್ಲ. ಕುದುರೆ ಪಕ್ಕದಲ್ಲೇ ಕಾರು ಓಡುತ್ತದೆ, ವಿಮಾನ ಹಾರುತ್ತದೆ. ಕೆಟ್ಟವರು ಅಂದರೆ ಎಷ್ಟೋ ಸಲ ಊರಿನ ನೀರಿಗೋ ಜಮೀನಿಗೋ ಕಣ್ಣು ಹಾಕಿದ ದುಡ್ಡಿನವರು. ಥಿಯೇಟರಿನಲ್ಲಿ ಕೂತ ರೈತನಿಗೆ ಅದು ತನ್ನ ಮನೆ ಕಥೆಯೇ ಅನ್ನಿಸಿರಬೇಕು, ಅಲ್ವಾ?

ನನಗೆ ಅವನು ಜಾಸ್ತಿ ಇಷ್ಟವಾಗುವುದು ಜಗಳಗಳಲ್ಲಿ. ಅವನ ಚಿತ್ರ ಬೇಕು ಅಂದರೆ ನಮ್ಮ ಉಳಿದ ಚಿತ್ರಗಳನ್ನೂ ತಗೊಳ್ಳಿ ಅಂತ ಅವನ ಸಿನಿಮಾ ತೆಗೆಯುತ್ತಿದ್ದ ರಿಪಬ್ಲಿಕ್ ಕಂಪನಿ ಥಿಯೇಟರಿನವರಿಗೆ ಗಂಟು ಹಾಕುತ್ತಿತ್ತು. 1938ರಲ್ಲಿ ಆಟ್ರಿ ಕೆಲಸ ಬಿಟ್ಟು ಎದ್ದು ಹೋದ. ಕಂಪನಿ ತಕ್ಷಣ ಅವನ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ತಂದು ನಿಲ್ಲಿಸಿತು. ಆ ಹುಡುಗನೇ ರಾಯ್ ರೋಜರ್ಸ್! ಅಂದರೆ ತನ್ನ ಅತಿದೊಡ್ಡ ಪ್ರತಿಸ್ಪರ್ಧಿಗೆ ಬಾಗಿಲು ತೆರೆದುಕೊಟ್ಟವನು ಇವನೇ. ಕೊನೆಗೆ ಸಂಬಳ ಹೆಚ್ಚಿಸಿಕೊಂಡೇ ವಾಪಸ್ ಬಂದ.

1942ರಲ್ಲಿ ಸೈನ್ಯ ಸೇರಿದ. ತನ್ನ ರೇಡಿಯೋ ಕಾರ್ಯಕ್ರಮದಲ್ಲೇ ಪ್ರಮಾಣವಚನ ತಗೊಂಡ (ಪ್ರಚಾರ ಬಿಡುವ ಆಸಾಮಿಯಲ್ಲ!). ಮುಂದೆ ಪೈಲಟ್ ಆಗಿ ಸಿ-109 ವಿಮಾನ ಹಾರಿಸಿದ. ಭಾರತದಿಂದ ಹಿಮಾಲಯ ದಾಟಿ ಚೀನಾಕ್ಕೆ ಇಂಧನ ಹೊರುವ ವಿಮಾನ ಅದು. ಹೊಟ್ಟೆ ತುಂಬ ಪೆಟ್ರೋಲ್, ಕೆಳಗೆ ಹಿಮದ ಬೆಟ್ಟ. ನಮ್ಮ ನೆಲದ ಜೊತೆ ಅವನಿಗೊಂದು ನಂಟಿದೆ ಅಂತ ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಸ್ಟಾರ್ ಸಂಪಾದನೆ ನಿಂತು ಸೈನ್ಯದ ಸಂಬಳ ಬಂದಾಗ ಅವನ ಕಣ್ಣು ತೆರೆಯಿತು. ಗಂಟಲು ಕೈಕೊಟ್ಟರೆ ಊಟಕ್ಕೇನು? ವಾಪಸ್ ಬಂದವನು ಸ್ವಂತ ಚಿತ್ರ ಕಂಪನಿ ಮಾಡಿದ, ರೇಡಿಯೋ ಸ್ಟೇಷನ್‌ಗಳನ್ನು ಕೊಂಡ. ಹಾಲಿವುಡ್‌ನವರು ಟಿವಿ ಕಂಡರೆ ಹೆದರುತ್ತಿದ್ದ 1950ರಲ್ಲೇ ಟಿವಿಗೆ ಧಾರಾವಾಹಿ ಶುರು ಮಾಡಿದ. ಥಿಯೇಟರಿನವರು ಸಿಟ್ಟಾದರು. ಆಗಲಿ ಬಿಡಿ.

1949ರಲ್ಲಿ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್‌ನ ಕ್ರಿಸ್‌ಮಸ್ ಹಾಡು ಕೈಗೆ ಬಂದಾಗ ಅವನಿಗೆ ಹಿಡಿಸಲಿಲ್ಲ. ಹಾಡಿ ನೋಡಿ ಅಂತ ಹೆಂಡತಿ ಐನಾ ಒತ್ತಾಯ ಮಾಡಿದರು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಯಾವ ಮಾಲ್‌ಗೆ ಹೋದರೂ ಆ ಧಾಟಿ ಕಿವಿಗೆ ಬೀಳುತ್ತದೆ. ಕುದುರೆ ಮೇಲಿನ ಹೀರೋನ ಎಲ್ಲಕ್ಕಿಂತ ದೊಡ್ಡ ಹಾಡು ಒಂದು ಜಿಂಕೆಯ ಮೇಲೆ! ಹೆಂಡತಿ ಮಾತು ಕೇಳಿದ್ದಕ್ಕೆ ಕೋಟಿ ದಾಟಿ ರೆಕಾರ್ಡ್ ಮಾರಾಟವಾದವು.

ಒಂದು ಮಾತ್ರ ನನಗೆ ಚುಚ್ಚುತ್ತದೆ. ನಿಜವಾಗಿ ದನ ಹೊಡೆದುಕೊಂಡು ಹೋಗುತ್ತಿದ್ದ ಕೌಬಾಯ್‌ಗಳಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಬೇಕಾದಷ್ಟಿದ್ದರು. ತೆರೆ ಮೇಲೆ ಹೀರೋ ಆಗಿ ಮೆರೆದವರು ಬಿಳಿಯರೇ. ಹರ್ಬ್ ಜೆಫ್ರೀಸ್ ಅನ್ನುವ ಗಾಯಕ 1937ರಿಂದ ಕಪ್ಪು ಪ್ರೇಕ್ಷಕರಿಗಾಗಿ ಹಾಡುವ ಕೌಬಾಯ್ ಆದ. ಅವನಿಗೆ ಆಟ್ರಿಯಷ್ಟು ದೊಡ್ಡ ಥಿಯೇಟರ್‌ಗಳು ಸಿಗಲಿಲ್ಲ. ಜನಾಂಗ, ಧರ್ಮದ ಹೆಸರಲ್ಲಿ ಅಸಹನೆ ಬೇಡ ಅಂತ ಆಟ್ರಿ ಮಕ್ಕಳಿಗೆ ಕೊಟ್ಟ ಕೌಬಾಯ್ ನಿಯಮಗಳಲ್ಲೇ ಇತ್ತು. ಒಳ್ಳೆ ಮಾತೇ. ಆದರೆ ಅವನ ಉದ್ಯಮ ಅದನ್ನು ಓದಿದ ಹಾಗೆ ಕಾಣಲ್ಲ.

ಹಾಲಿವುಡ್‌ನ ಫುಟ್‌ಪಾತ್ ಮೇಲೆ ಕಲಾವಿದರ ಹೆಸರಿನ ನಕ್ಷತ್ರಗಳನ್ನು ಕೂರಿಸುತ್ತಾರೆ. ಅಲ್ಲಿ ಐದು ವಿಭಾಗಗಳಲ್ಲಿ ನಕ್ಷತ್ರ ಇರುವುದು ಅವನೊಬ್ಬನಿಗೇ. 1998ರಲ್ಲಿ ತೀರಿಕೊಂಡ.

ನೋಡಬೇಕು ಅನ್ನಿಸಿದರೆ 1935ರ 'ದಿ ಫ್ಯಾಂಟಮ್ ಎಂಪೈರ್' ಅನ್ನುವ ಕಂತುಗಳ ಸಿನಿಮಾ ಹುಡುಕಿ. ಅದರಲ್ಲಿ ಭೂಮಿಯೊಳಗೆ ಒಂದು ಸಾಮ್ರಾಜ್ಯ, ರಾಣಿ, ತಗಡಿನ ರೋಬೋಟ್‌ಗಳು. ಜೀವ ಉಳಿಸಿಕೊಂಡರೆ ಸಾಲದು, ರೇಡಿಯೋದಲ್ಲಿ ಹಾಡುವ ಹೊತ್ತಿಗೆ ಆಟ್ರಿ ಮೇಲೆ ಬರಲೇಬೇಕು. ತಪ್ಪಿಸಿದರೆ ರ‍್ಯಾಂಚ್ ಕೈತಪ್ಪುತ್ತದೆ. ಹನ್ನೆರಡು ಕಂತಿದೆ. ನಗದೆ ಮೂರು ಕಂತು ಮುಗಿಸಿದವರು ಕಾಮೆಂಟ್‌ನಲ್ಲಿ ಹೇಳಿ.