ಬಾಳು ಕೊಡುವ ಹೀರೋ ನಮಗೆ ಬೇಡ

"ಮೇಡಂ, ಕೊನೆಗೆ ಆ ಹುಡುಗಿಗೆ ಒಂದು ಆಪರೇಷನ್ ಮಾಡಿಸಿಬಿಡಿ. ತಾನೇ ನಡೆದುಕೊಂಡು ಮಂಟಪಕ್ಕೆ ಬರಲಿ."

ಧಾರಾವಾಹಿಯಾಗಿ ಪ್ರೇಮಕಥೆ ಬರೆಯುವ ನನಗೆ ಓದುಗರಿಂದ ಪದೇ ಪದೇ ಬರುವ ಬೇಡಿಕೆ ಇದು. ಕೇಳುವವರು ಒಳ್ಳೆಯ ಜನ. ಕಾಲಿನ ತೊಂದರೆ ಇರುವ ನನ್ನ ಕಥಾನಾಯಕಿ ಅವರಿಗೆ ಮನೆಮಗಳಂತೆ ಆಗಿರುತ್ತಾಳೆ. ಅವಳಿಗೆ ಒಳ್ಳೇದಾಗಲಿ ಅಂತಲೇ ಕೇಳುತ್ತಾರೆ. ಆದರೂ ನಾನು ಆಪರೇಷನ್ ಮಾಡಿಸುವುದಿಲ್ಲ. ಯಾಕೆ ಅಂತ ಇವತ್ತು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಹೊಸದಾಗಿ ನನ್ನ ಬರಹ ಓದುತ್ತಿರುವವರಿಗಾಗಿ ಒಂದೆರಡು ಮಾತು. ನನ್ನ ಊರು ಕಲಬುರಗಿ. ಚಿಕ್ಕವಳಿದ್ದಾಗ ಪೋಲಿಯೋ ಆಯಿತು. ಎಡಗಾಲಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಪಟ್ಟಿಯ ಸಾಧನ, ಹಾಕುತ್ತೇನೆ. ನನ್ನ ಕಥೆಗಳ ನಾಯಕ ನಾಯಕಿಯರಲ್ಲಿ ಒಬ್ಬರಾದರೂ ಅಂಗವಿಕಲರಾಗಿರುತ್ತಾರೆ. ಓದಿ ಮುಗಿಸಿದವರ ಮನಸ್ಸಿಗೆ ಧೈರ್ಯ ಬರಬೇಕು, ಬದುಕಿನ ಮೇಲೆ ಆಸೆ ಹುಟ್ಟಬೇಕು ಅನ್ನುವುದು ನನ್ನ ಹಂಬಲ.

ನಮ್ಮ ಪ್ರೇಮಕಥೆಗಳಲ್ಲಿ ಅಂಗವಿಕಲ ಪಾತ್ರ ಬಂತು ಅಂದರೆ ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಒಂದೋ ಕೊನೆಗೆ ವಾಸಿಯಾಗುತ್ತದೆ. ಇಲ್ಲವೇ ಪ್ರೀತಿಸಿದವರಿಗೆ ಹೊರೆಯಾಗಬಾರದು ಅಂತ ಆ ಪಾತ್ರ ಸಾಯುತ್ತದೆ, ಅಥವಾ ಚೀಟಿ ಬರೆದಿಟ್ಟು ಊರು ಬಿಡುತ್ತದೆ. ಇವನ್ನಾದರೂ ಹೇಗೋ ಓದಿ ಪಕ್ಕಕ್ಕಿಡಬಹುದು. ನನಗೆ ತಡೆಯಲಾಗದ್ದು ಇನ್ನೊಂದಿದೆ. ಹೀರೋ ಅವಳನ್ನು ಮದುವೆಯಾಗುತ್ತಾನೆ. ಊರೆಲ್ಲ ಅವನನ್ನು ಹೊಗಳುತ್ತದೆ. "ದೇವರಂಥಾ ಮನಷ್ಯಾ ಅದಾನ ನೋಡ್ರಿ, ಆಕಿಗಿ ಬಾಳು ಕೊಟ್ಟಾನ." ಆಕೆ ಅವನಿಗೆ ಏನು ಕೊಟ್ಟಳು ಅಂತ ಒಬ್ಬರೂ ಕೇಳುವುದಿಲ್ಲ. ಆ ಮನೆಯಲ್ಲಿ ಅವಳು ಬದುಕಿರುವವರೆಗೂ ಋಣದಲ್ಲೇ ಇರಬೇಕು. ಸಾರಿಗೆ ಉಪ್ಪು ಜಾಸ್ತಿಯಾದರೂ ತಲೆ ತಗ್ಗಿಸಬೇಕು. ಗಂಡನ ಜೊತೆ ಒಂದು ಒಳ್ಳೆ ಜಗಳ ಆಡುವಷ್ಟು ಸಲುಗೆಯೂ ಇಲ್ಲದ ಕಡೆ ಪ್ರೀತಿ ಹೇಗೆ ಬೆಳೀಬೇಕು ಹೇಳಿ?

ಈ ಯೋಚನೆ ಕಥೆಯ ಹೊರಗೂ ಇದೆ. ಅಂಗವಿಕಲರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಹೊಸದಾಗಿ ಸಂಸಾರ ಹೂಡುವವರಿಗೆ ಅದು ದೊಡ್ಡ ಆಸರೆ. ಅರ್ಹರಿದ್ದವರು ಖಂಡಿತ ತಗೊಳ್ಳಿ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆದರೆ ನನಗೆ ಅದರಲ್ಲಿ ಒಂದು ಅಧ್ಯಾಯವೇ ಕಾಣುತ್ತದೆ. ಅರ್ಜಿ ಮುಂದಿಟ್ಟುಕೊಂಡು ಗಂಡ ಹೆಂಡತಿ ಕೂತಿದ್ದಾರೆ. ನಿನ್ನನ್ನು ಮದುವೆಯಾಗಿದ್ದಕ್ಕೆ ನನಗ್ಯಾಕೆ ಬಹುಮಾನ ಅಂತ ಅವನು ಪೆನ್ನು ಕೆಳಗಿಡುತ್ತಾನೆ. ಅವಳು ಬಿಡುವುದಿಲ್ಲ. "ಬಹುಮಾನ ಅಂತ ಯಾಕ ತಿಳ್ಕೋತಿ? ಮನಿಗಿ ಫ್ರಿಜ್ ಬೇಕಾಗ್ಯದ. ಸಹಿ ಮಾಡು ಸುಮ್ನ." ಇಬ್ಬರ ಮಾತೂ ನ್ಯಾಯವೇ. ಆ ಜಗಳ ಮುಗಿಯುವಷ್ಟರಲ್ಲಿ ಓದುಗರಿಗೆ ಇಬ್ಬರ ಮೇಲೂ ಪ್ರೀತಿ ಬಂದಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಸ್ಟೆಲ್ಲಾ ಯಂಗ್ ಅಂತ ಒಬ್ಬ ಪತ್ರಕರ್ತೆ ಇದ್ದರು. ಹಾಸ್ಯ ಕಲಾವಿದೆಯೂ ಹೌದು. ಗಾಲಿಕುರ್ಚಿ ಬಳಸುತ್ತಿದ್ದರು. 2014ರಲ್ಲಿ ಅವರು ಮಾಡಿದ ಒಂದು ಭಾಷಣ ಬಹಳ ಜನರನ್ನು ಮುಟ್ಟಿತು. ಅಂಗವಿಕಲರು ದಿನನಿತ್ಯ ಮಾಡುವ ಸಾಮಾನ್ಯ ಕೆಲಸವನ್ನೇ ದೊಡ್ಡ ಸಾಧನೆ ಅಂತ ತೋರಿಸುತ್ತಾರೆ, ಅದನ್ನು ನೋಡಿದ ಉಳಿದವರು ನಮ್ಮ ಬದುಕು ಇಷ್ಟು ಕೆಟ್ಟದ್ದೇನಲ್ಲ ಅಂತ ಸಮಾಧಾನ ಪಡುತ್ತಾರೆ, ನಾವಿರುವುದು ಅದಕ್ಕಾಗಿಯಾ ಅನ್ನುವುದು ಅವರ ಪ್ರಶ್ನೆಯಾಗಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಇನ್ನೂ 32ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ಫೂರ್ತಿ ಕೊಡುವ ಕಥೆ ಬರೆಯುತ್ತೇನೆ ಅನ್ನುವ ಪ್ರತಿಯೊಬ್ಬರೂ ಆ ಪ್ರಶ್ನೆಗೆ ಉತ್ತರ ಕೊಡಬೇಕು.

ನನ್ನ ಉತ್ತರ ಇಷ್ಟು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಅವರೂ ಪ್ರೇಮಕಥೆ ಓದುತ್ತಾರೆ, ಕೇಳುತ್ತಾರೆ. ಆಳಂದದ ಕಡೆ ಒಂದು ಹಳ್ಳಿಯಲ್ಲಿ ಊರುಗೋಲು ಪಕ್ಕಕ್ಕಿಟ್ಟು, ಮೊಬೈಲ್‌ನಲ್ಲಿ ರಾತ್ರಿ ಕಥೆ ಓದುವ ಹುಡುಗಿಯನ್ನು ನೆನೆದು ನಾನು ಬರೆಯುತ್ತೇನೆ. ಸ್ಫೂರ್ತಿ ಮೊದಲು ಅವಳಿಗೆ ಸಿಗಬೇಕು. ತನ್ನನ್ನೂ ಒಬ್ಬರು ಆಸೆಪಟ್ಟು ನೋಡಬಹುದು, ತಾನೂ ಒಬ್ಬನನ್ನು ಆಸೆಪಟ್ಟು ನೋಡಬಹುದು, ಬೇಡ ಅನಿಸಿದರೆ ಬೇಡ ಅನ್ನಬಹುದು ಅಂತ ಅವಳಿಗೆ ಅನಿಸಬೇಕು.

ಈ "ಬೇಡ" ಬಹಳ ಮುಖ್ಯ. ನಮ್ಮ ಕಡೆ ಕಾಲಿಲ್ಲದ, ಕಣ್ಣಿಲ್ಲದ ಹುಡುಗಿಗೆ ಹೆಂಡತಿ ಸತ್ತ ನಡುವಯಸ್ಸಿನವನ ಸಂಬಂಧ ಬಂದರೂ ಮನೆಯವರು "ಬಂದದ್ದೇ ಪುಣ್ಯ" ಅಂತಾರೆ. ಅವಳಿಗೆ ಇಷ್ಟವಾ ಅಂತ ಕೇಳುವುದು ಯಾರಿಗೂ ಹೊಳೆಯುವುದಿಲ್ಲ. ಅವಳಿಗೂ ಮೈಯಿದೆ, ಬಯಕೆಯಿದೆ ಅನ್ನುವುದಂತೂ ಮಾತಿಗೇ ಬರುವುದಿಲ್ಲ. ಅದಕ್ಕೇ ನನ್ನ ನಾಯಕಿಯರು ಒಬ್ಬ ಹುಡುಗನನ್ನಾದರೂ ತಿರಸ್ಕರಿಸುತ್ತಾರೆ. ಹುಡುಗ ಕೆಟ್ಟವನೇನೂ ಆಗಿರುವುದಿಲ್ಲ. ಅವಳಿಗೆ ಇಷ್ಟವಾಗಲಿಲ್ಲ, ಅಷ್ಟೆ.

ಪ್ರೇಮಕಥೆಗೆ ಅಡ್ಡಿ ಆತಂಕ ಬೇಕು, ಒಪ್ಪುತ್ತೇನೆ. ಆದರೆ ಆ ಅಡ್ಡಿಯನ್ನು ಯಾಕೆ ಅವಳ ಕಾಲಿಗೇ ಕಟ್ಟಬೇಕು? ಸುತ್ತಮುತ್ತ ಬೇಕಾದಷ್ಟಿದೆ. ಕನ್ಯಾ ನೋಡಲು ಬಂದ ಬೀಗರು ಕೇಳುವ ಪ್ರಶ್ನೆಯನ್ನೇ ನೋಡಿ. "ಹುಡುಗಿಗಿ ರೊಟ್ಟಿ ಬಡಿಲಾಕ ಬರ್ತದೇನ್ರೀ?" ಕ್ಯಾಲಿಪರ್ ಹಾಕಿದವಳಿಗೆ ನೆಲದಲ್ಲಿ ಕೂತು ಏಳುವುದು ಕಷ್ಟ. ಕಟ್ಟೆ ಮೇಲೆ ಒಲೆ ಇದ್ದರೆ ನಿಂತುಕೊಂಡೇ ದಪಾದಪಾ ಬಡಿಯುತ್ತಾಳೆ. ಜೋಳದ ಹಿಟ್ಟಿಗೆ ಅವಳು ನಿಂತಿದ್ದಾಳೋ ಕೂತಿದ್ದಾಳೋ ಗೊತ್ತಾಗುತ್ತಾ? ಗಂಡಸು ಬಡಿದರೂ ಹಿಟ್ಟು ಬೇಡ ಅನ್ನುವುದಿಲ್ಲ, ಅದನ್ನೂ ಬರೆಯಬಹುದು.

ನಮ್ಮ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ ಹಾಕಿರುತ್ತಾರೆ. ಅದರ ಮೇಲೆ ನೀರು ಬಿದ್ದರೆ ಊರುಗೋಲು ಜಾರುತ್ತದೆ. ಕೆಳಗಿನ ರಬ್ಬರ್ ಸವೆದಿದ್ದರಂತೂ ಮುಗಿದೇ ಹೋಯಿತು. ಹೀರೋ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತುವ ದೃಶ್ಯ ಎಲ್ಲರೂ ಬರೆಯುತ್ತಾರೆ. ಅವಳು ಕೇಳುವ ಮೊದಲೇ ಅಂಗಡಿಯಿಂದ ಹೊಸ ರಬ್ಬರ್ ತಂದು, ಅವಳ ಕೈಗೆ ಕೊಟ್ಟು, "ಹಾಕಲೇನು, ನೀನೇ ಹಾಕ್ಕೋತಿ?" ಅಂತ ಕೇಳುವ ಹುಡುಗನನ್ನು ಬರೆಯಿರಿ. ನಾನಾದರೆ ಅವನನ್ನೇ ಆರಿಸಿಕೊಳ್ಳುತ್ತೇನೆ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಕ್ಯಾಲಿಪರ್‌ನ ಚರ್ಮದ ಪಟ್ಟಿ ಬೆವರಿಗೆ ನೆನೆದು ಮೈಗೆ ಉಜ್ಜುತ್ತದೆ. ಸಂಜೆ ಮನೆಗೆ ಬಂದು ಅದನ್ನು ಬಿಚ್ಚಿಟ್ಟಾಗ ಸಿಗುವ ಸುಖ ಹಾಕಿದವರಿಗೇ ಗೊತ್ತು. ಸಣಕಲು ಕಾಲು, ಪಟ್ಟಿಯ ಕೆಂಪು ಗುರುತು, ಇವನ್ನು ಒಬ್ಬಳು ಮೊದಲ ಸಲ ಇನ್ನೊಬ್ಬನ ಎದುರು ತೋರಿಸುವುದು ಅಂದರೆ ಅದಕ್ಕಿಂತ ದೊಡ್ಡ ನಂಬಿಕೆ ಬೇರೆ ಇಲ್ಲ. ಮೊದಲ ರಾತ್ರಿ ಅಂದರೆ ದೀಪ ಆರಿಸಿ ಅಧ್ಯಾಯ ಮುಗಿಸುವವರಿಗೆ ಇದು ಸಿಗುವುದೇ ಇಲ್ಲ. ಅಲ್ಲಿ ಅವನು ಕಣ್ಣೀರು ಹಾಕಬಾರದು. ಅವಳು ಕ್ಷಮೆ ಕೇಳಬಾರದು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸೆ ಇದೆ ಅನ್ನುವುದು ಓದುಗರಿಗೆ ತಿಳಿಯಬೇಕು.

ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ಇಬ್ಬರೂ ಅಂಗವಿಕಲರು. ಅವಳು ಕಲಬುರಗಿಯವಳು, ಪೂರ್ತಿ ಕಣ್ಣು ಕಾಣುವುದಿಲ್ಲ, ಬ್ಯಾಂಕಿನಲ್ಲಿ ಕ್ಲರ್ಕ್. ಅವನು ಬೀದರ್‌ನವನು, ಎರಡೂ ಕಡೆ ಊರುಗೋಲು, ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸುವ ಬಿದರಿ ಕೆಲಸ ಮಾಡುತ್ತಾನೆ. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಊರಿನಿಂದ 100 ಕಿಲೋಮೀಟರ್‌ವರೆಗೆ ಮಾತ್ರ ನಡೆಯುತ್ತದೆ. ಬೀದರ್‌ನಿಂದ ಕಲಬುರಗಿ ಅದಕ್ಕಿಂತ ದೂರ. ಅವಳಿಗೋ 2023ರಿಂದ ಹೆಂಗಸರ ಶಕ್ತಿ ಯೋಜನೆ ಇದೆ, ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಹೀಗಾಗಿ ಮೊದಮೊದಲು ಇಬ್ಬರೂ ನಡುವಿನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಭೇಟಿಯಾಗುತ್ತಾರೆ. ಆಮೇಲೆ ಅವಳೇ ಧೈರ್ಯ ಮಾಡಿ ಬೀದರ್‌ವರೆಗೂ ಹೋಗುತ್ತಾಳೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಕಥೆಯಲ್ಲಿ ಬರುತ್ತದೆ. ಇದ್ಯಾವುದನ್ನೂ ನಾನು ಕಷ್ಟಪಟ್ಟು ಹುಡುಕಬೇಕಾಗಲಿಲ್ಲ. ಬಸ್ ಪಾಸ್ ಇರುವವರ ಪ್ರೀತಿಗೆ ಪಾಸ್‌ನ ಗಡಿಯೂ ಇರುತ್ತದೆ.

ಸಿನಿಮಾದಲ್ಲಿ ತೋರಿಸುವ ಹಾಗೆ ಅವಳು ಅವನ ಮುಖ ಸವರುವುದಿಲ್ಲ. ಕಣ್ಣು ಕಾಣದ ನನ್ನ ಗೆಳತಿಯರು ಯಾರೂ ಹಾಗೆ ಮಂದಿಯ ಮುಖ ಸವರಿಕೊಂಡು ತಿರುಗುವುದಿಲ್ಲ. ದನಿಯಲ್ಲಿ, ಊರುಗೋಲು ಊರುವ ಸದ್ದಿನಲ್ಲಿ ಅವನು ಬಂದ ಅಂತ ಅವಳಿಗೆ ತಿಳಿಯುತ್ತದೆ. ಅವನ ಮೆಸೇಜನ್ನು ಫೋನು ಗಟ್ಟಿಯಾಗಿ ಓದಿಬಿಡುತ್ತದಲ್ಲ, ಬಸ್ಸಿನಲ್ಲಿ ಇಯರ್‌ಫೋನ್ ಮರೆತ ದಿನ ದನಿಯ ವೇಗ ಎಷ್ಟು ಏರಿಸುತ್ತಾಳೆ ಅಂದರೆ ಪಕ್ಕದಲ್ಲಿ ಕೂತವರಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಅವಳಿಗೆ ಎಲ್ಲ ತಿಳಿಯುತ್ತದೆ. ಇನ್ನು ಅವನ ಕೆಲಸ. ತಯಾರಾದ ಬಿದರಿ ಹೂದಾನಿ ನುಣ್ಣಗಿರುತ್ತದೆ, ಬೆರಳಿಗೆ ಚಿತ್ತಾರ ಸಿಗುವುದು ಕಷ್ಟ. ಬೆಳ್ಳಿ ತಂತಿ ಕೂರಿಸುವ ಮೊದಲು ಕೆತ್ತಿದ ಗೆರೆ ಸಿಗುತ್ತದೆ. ಅದಕ್ಕೆ ಅವನು ಬೆಳ್ಳಿ ಕೂರಿಸದ, ಬರೀ ಕೆತ್ತಿದ ಒಂದು ತುಂಡನ್ನು ಅವಳಿಗೆ ತರುತ್ತಾನೆ.

ಅವಳು ಹಾಡುವುದೂ ಇಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟರು. ಆ ಉಪಕಾರ ನಾವು ಯಾರೂ ಮರೆಯುವಂಥದ್ದಲ್ಲ. ಆದರೆ ಕಣ್ಣು ಕಾಣದವರೆಲ್ಲ ಹಾಡಲೇಬೇಕು ಅಂತ ಆ ಗುರುಗಳು ಹೇಳಲಿಲ್ಲವಲ್ಲ. ನನ್ನ ನಾಯಕಿಗೆ ಸಾಲದ ಬಡ್ಡಿ ಲೆಕ್ಕ ಬಾಯಲ್ಲೇ ಬರುತ್ತದೆ. ಅವನ ಅಂಗಡಿಯ ಸಾಲವನ್ನು ಕುಂತಲ್ಲೇ ಬಿಡಿಸಿಡುತ್ತಾಳೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೇಳಿದ್ದಾರೆ. ನಮ್ಮ ಕಾದಂಬರಿಗಳಲ್ಲಿ ಬರುವುದು ಬಹುಪಾಲು ಎರಡೇ, ಚೆಂದದ ಕುರುಡುತನ ಮತ್ತು ಚೆಂದದ ಕುಂಟುತನ. ಕುಷ್ಠರೋಗ ವಾಸಿಯಾದವರೂ ಆ 21ರಲ್ಲಿ ಇದ್ದಾರೆ. ಮದುವೆ ಕಾನೂನುಗಳಲ್ಲಿ ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣ ಅಂತ ಇಟ್ಟಿದ್ದನ್ನು ತೆಗೆದುಹಾಕಿದ್ದು 2019ರಲ್ಲಿ. ಔಷಧಿಯಿಂದ ವಾಸಿಯಾಗುವ ರೋಗ ಅದು, ಆದರೂ ಅಲ್ಲಿಯವರೆಗೆ ಗಂಡನೋ ಹೆಂಡತಿಯೋ ಆ ಹೆಸರು ಹೇಳಿ ಬಿಟ್ಟು ಹೋಗಬಹುದಿತ್ತು. ಆಗ ಬಿಟ್ಟು ಹೋಗದೆ ಉಳಿದ ಜೋಡಿಗಳ ಪ್ರೇಮಕಥೆ ಯಾರು ಬರೆದರು?

ಅಂಗವಿಕಲರಲ್ಲದವರು ಬರೆಯಬಾರದಾ ಅಂತ ಕೇಳುತ್ತಾರೆ. ಬರೆಯಿರಿ. ದಯವಿಟ್ಟು ಬರೆಯಿರಿ. ಕೇಳಿ ಬರೆಯಿರಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮುಂತಾದ ದೃಶ್ಯ ಮಾಧ್ಯಮಗಳಿಗೆ ಮಾರ್ಗಸೂಚಿ ಕೊಟ್ಟಿತು. ಹೀಯಾಳಿಸುವ ಪದ ಬೇಡ, ಪವಾಡಪುರುಷರನ್ನಾಗಿ ಮಾಡುವುದೂ ಬೇಡ, ಅಂಗವಿಕಲರನ್ನು ಜೊತೆಗಿಟ್ಟುಕೊಂಡು ಮಾಡಿ ಅಂತ ಅದರಲ್ಲಿದೆ. ಕಾದಂಬರಿಗೆ ಅದು ಕಡ್ಡಾಯವಲ್ಲ. ಆದರೂ ಒಳ್ಳೆಯ ಮಾತು ಒಳ್ಳೆಯ ಮಾತೇ. ಹಸ್ತಪ್ರತಿಯನ್ನು ಅಂಗವಿಕಲರಿಗೆ ಓದಲು ಕೊಡಿ. ಅವರ ಸಮಯಕ್ಕೆ ಸಂಭಾವನೆಯನ್ನೂ ಕೊಡಿ.

ಪ್ರಕಾಶಕರಿಗೂ ಒಂದು ಮಾತಿದೆ. ಕಣ್ಣು ಕಾಣದ ನಾಯಕಿಯ ಕಥೆ ಅಚ್ಚಾಗುತ್ತದೆ, ಕಣ್ಣು ಕಾಣದವರಿಗೆ ಅದನ್ನು ಓದಲು ಆಗುವುದಿಲ್ಲ! ಹಳೆಯ ನುಡಿ ತಂತ್ರಾಂಶದ ಫಾಂಟಿನ ಕಡತವನ್ನು, ಪರದೆಯ ಅಕ್ಷರ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಏನೇನೋ ಗೊಣಗುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಅದರ ಪಾಲಿಗೆ ಬರೀ ಚಿತ್ರ. ಯೂನಿಕೋಡ್‌ನಲ್ಲಿ ಕೊಟ್ಟರೆ ಸಾಕು, ಫೋನೇ ಕನ್ನಡ ಓದಿ ಹೇಳುತ್ತದೆ. ಅಂಗವಿಕಲರು ಓದುವ ರೂಪಕ್ಕೆ ಪುಸ್ತಕ ಬದಲಿಸಲು 2012ರ ಕಾಪಿರೈಟ್ ತಿದ್ದುಪಡಿಯಲ್ಲೇ ಅವಕಾಶವಿದೆ. ಇದೇ ವಿಷಯದ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಕಾನೂನು ನಮ್ಮ ಕಡೆ ಇದೆ, ಕಡತ ಮಾತ್ರ ಬರುತ್ತಿಲ್ಲ.

ನನ್ನ ಕಥೆಗಳೆಲ್ಲ ಸುಖಾಂತ್ಯ ಅಂತ ಕೆಲವು ಸಾಹಿತಿ ಮಿತ್ರರಿಗೆ ಬೇಸರ. ಬದುಕು ಹಾಗಿರುವುದಿಲ್ಲ ಅಂತಾರೆ. ಅಂಗವಿಕಲರ ಕಥೆ ಅಂದ ಕೂಡಲೇ ಕಣ್ಣೀರಿಗೆ ತಯಾರಾಗಿ ಕೂರುವ ಓದುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದುಃಖದ ಕೊನೆ ಬರೆಯುವುದಕ್ಕೆ ನನಗೆ ಧೈರ್ಯವೇ ಬೇಕಾಗುವುದಿಲ್ಲ, ಎಲ್ಲರೂ ಕಾಯುತ್ತಿರುವುದೇ ಅದನ್ನು. ಅವಳ ಕಣ್ಣು ಹಾಗೇ ಇದ್ದು, ಅವನ ಕಾಲು ಹಾಗೇ ಇದ್ದು, ಇಬ್ಬರೂ ಒಂದೇ ಮನೆಯಲ್ಲಿ ಬಾಡಿಗೆ ಕಟ್ಟಿಕೊಂಡು, ಜಗಳವಾಡಿಕೊಂಡು, ಸುಖವಾಗಿದ್ದಾರೆ ಅಂತ ಬರೆದರೆ ಜನ ನಂಬಲು ಕಷ್ಟಪಡುತ್ತಾರೆ. ಅಂಥ ಮನೆಗಳು ಇದೇ ಊರಿನಲ್ಲಿವೆ. ನಾನು ಅಲ್ಲಿ ಹೋಗಿ ಊಟ ಮಾಡಿ ಬಂದಿದ್ದೇನೆ.

ಕೊನೆಗೊಂದು ವಿನಂತಿ. ಹೊಸ ಕಾದಂಬರಿಯಲ್ಲಿ ಇನ್ನೊಂದು ಜೋಡಿ ಇದೆ, ಇಬ್ಬರಿಗೂ ಕಿವಿ ಕೇಳುವುದಿಲ್ಲ. ಕತ್ತಲಲ್ಲಿ ಮಾತಾಡಲು ಆಗುವುದಿಲ್ಲ, ವಿಡಿಯೋ ಕಾಲ್‌ಗೆ ರಾತ್ರಿ ದೀಪ ಹಚ್ಚಬೇಕು, ದೀಪ ಹಚ್ಚಿದರೆ ಅವ್ವ ಎದ್ದುಬಿಡುತ್ತಾಳೆ. ಅಷ್ಟು ನನಗೆ ಗೊತ್ತು. ಸನ್ನೆ ಭಾಷೆಯಲ್ಲಿ ಮುನಿಸು ಹೇಗೆ ಕಾಣುತ್ತದೆ, ಬೈಕಿನ ಹಿಂದೆ ಕೂತವಳು ಮುಂದಿನವನ ಜೊತೆ ಮಾತು ಹೇಗೆ ಮುಂದುವರಿಸುತ್ತಾಳೆ, ಇಂಥವನ್ನು ಹಾಗೆ ಬದುಕಿದವರೇ ಹೇಳಬೇಕು. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಿವುಡ ಅಕ್ಕ ತಮ್ಮಂದಿರು ಯಾರಾದರೂ ನಾಲ್ಕು ಅಧ್ಯಾಯ ಓದಿ ತಿದ್ದಿ ಕೊಡುವುದಾದರೆ ಇನ್‌ಬಾಕ್ಸ್‌ಗೆ ಬರೆಯಿರಿ. ಯೂನಿಕೋಡ್ ಕಡತ ತಯಾರಿದೆ. ಸಂಭಾವನೆ ಮೊದಲೇ ಮಾತಾಡಿಕೊಳ್ಳೋಣ.