ಸಿಂಪಡಣೆ ವಿಮಾನದ ಔಷಧಿ ತೊಟ್ಟಿ ಪೈಲಟ್‌ನ ಮುಂದೆ ಯಾಕೆ?

ಅಮೆರಿಕದ ವಿಮಾನ ವಿನ್ಯಾಸಕ ಫ್ರೆಡ್ ವೀಕ್ ಬೆಳೆಗೆ ಔಷಧಿ ಹೊಡೆಯುವ ಅಗ್ಗದ ಸಿಂಪಡಣೆ ವಿಮಾನ ಮಾಡಿದರು ಅಂತಷ್ಟೇ ಅವರ ಬಗ್ಗೆ ನಾನು ಓದಿದ ಒಂದು ಲೇಖನ ಹೇಳುತ್ತದೆ. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಪೈಲಟ್‌ನ ಜೀವ ಉಳಿಸಿದ್ದು. 1950ರಲ್ಲಿ ಟೆಕ್ಸಾಸ್‌ನಲ್ಲಿ ಹಾರಿದ ಅವರ ಪ್ರಾಯೋಗಿಕ ಸಿಂಪಡಣೆ ವಿಮಾನ ಎಜಿ-1ರ ಪಾಠಗಳಿಂದಲೇ ಮುಂದೆ ಪೈಪರ್ ಕಂಪನಿಯ ‘ಪಾನೀ’ ವಿಮಾನ ಬಂತು. ಅದರಲ್ಲಿ ಸುಮಾರು 570 ಲೀಟರ್ ಔಷಧಿ ತೊಟ್ಟಿ ಎಂಜಿನ್ ಮತ್ತು ಪೈಲಟ್ ನಡುವೆ. ತೊಟ್ಟಿ ಪೈಲಟ್‌ನ ಹಿಂದಿದ್ದರೆ, ಮೂತಿ ನೆಲಕ್ಕೆ ಗುದ್ದಿದಾಗ ಆ ಭಾರವೆಲ್ಲ ಪೈಲಟ್‌ನನ್ನು ಎಂಜಿನ್ನಿಗೆ ಒತ್ತುತ್ತಿತ್ತು. ಮುಂಭಾಗ ಮೊದಲು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುತ್ತದೆ. ಆದರೆ ಪೈಲಟ್‌ನನ್ನು ಸೀಟಿಗೆ ಹಿಡಿದಿಡುವ ಭುಜದ ಪಟ್ಟಿ ಬಿಗಿ ಇರಲೇಬೇಕು. ಎತ್ತರದ ಸೀಟಿನಿಂದ ಮೂತಿಯಾಚೆಯ ವಿದ್ಯುತ್ ತಂತಿ ಕಾಣುತ್ತದೆ. ಕಾಣದೆ ತಗುಲಿದರೆ? ಕಾಕ್‌ಪಿಟ್ ತಲೆಯಿಂದ ಬಾಲದ ನೆಟ್ಟಗಿನ ರೆಕ್ಕೆಗೆ ಎಳೆದ ಉಕ್ಕಿನ ಹಗ್ಗ ಆ ತಂತಿಯನ್ನು ಮೇಲಕ್ಕೆ ಜಾರಿಸುತ್ತದೆ. ಕೊರತೆಯೂ ಇತ್ತು: ಮೊದಲ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕೂಡ ಎಂಜಿನ್ ಬೆನ್ನಿಗೇ, ಅಂದರೆ ನಜ್ಜಾಗುವ ಜಾಗದಲ್ಲೇ. ಬೆಂಕಿಗೆ ಆಹ್ವಾನ! ಆಮೇಲೆ ಬಂದ ಪಾನೀ ‘ಡಿ’ ಮಾದರಿಯಲ್ಲಷ್ಟೇ ಆ ಟ್ಯಾಂಕ್ ರೆಕ್ಕೆಗೆ ಹೋಯಿತು.