ಸ್ಮಾರ್ಟ್ ಬೋರ್ಡ್ ಗೋಡೆ ಮೇಲಿದೆ, ಮಕ್ಕಳ ಕೈಯಲ್ಲಿ ಏನಿದೆ?

ನಮ್ಮ ಹಳ್ಳಿ ಹೈಸ್ಕೂಲಿಗೆ ಸ್ಮಾರ್ಟ್ ಬೋರ್ಡ್ ಬಂದು ಎರಡು ವರ್ಷ ಆಯಿತು. ಹಳೆ ವಿದ್ಯಾರ್ಥಿಗಳು ದುಡ್ಡು ಸೇರಿಸಿ ಕೊಡಿಸಿದ್ದು. ಬಂದ ದಿನ ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮಕ್ಕಳಿಗೆಲ್ಲ ಕೇಸರಿಬಾತ್ ಹಂಚಿದೆವು. ನಾನು 17 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಕರಿಹಲಗೆ ಮೇಲೆ ಬರಿಗೈಯಲ್ಲಿ ವೃತ್ತ ಬರೆದು ಬರೆದು ಸಾಕಾಗಿದ್ದ ನನಗೆ ಅವತ್ತು ನಿಜಕ್ಕೂ ಖುಷಿಯಾಗಿತ್ತು. ಕೊಟ್ಟವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಎರಡು ವರ್ಷದಲ್ಲಿ ನಾನು ಕಂಡಿದ್ದನ್ನು ಬರೆಯಲೇಬೇಕು ಅನ್ನಿಸಿದೆ.

ಮೊದಲ ತಿಂಗಳು ಬರೀ ವಿಡಿಯೋ ತೋರಿಸಿದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಅನ್ನುವ ಪಾಠ. ಒಳ್ಳೆ ಬಣ್ಣ, ಒಳ್ಳೆ ಸಂಗೀತ, ಟೋಪಿ ಹಾಕಿದ ಒಂದು ಗೊಂಬೆ ಬಂದು ಎಲ್ಲ ವಿವರಿಸುತ್ತೆ. ತರಗತಿ ಎಷ್ಟು ನಿಶ್ಶಬ್ದ ಅಂದ್ರೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಎಲ್ಲರಿಗೂ ಅರ್ಥವಾಯಿತು ಅಂದುಕೊಂಡೆ. ಮಾರನೇ ದಿನ ಕೇಳಿದರೆ ಗೊಂಬೆ ಎಲ್ಲರಿಗೂ ನೆನಪಿತ್ತು. 180 ಅನ್ನುವ ಸಂಖ್ಯೆಯೂ ನೆನಪಿತ್ತು. ಯಾವ ತ್ರಿಭುಜ ತಗೊಂಡರೂ ಅಷ್ಟೇ ಯಾಕೆ ಬರಬೇಕು ಅಂತ ಕೇಳಿದಾಗ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅದಕ್ಕಿಂತ ನನಗೆ ನೋವಾಗಿದ್ದು ಬೇರೆ. ಆ ಪ್ರಶ್ನೆ ಅವರಲ್ಲಿ ಒಬ್ಬರಿಗೂ ಹುಟ್ಟಿರಲಿಲ್ಲ. ನೋಡಿದ್ದರು, ಮುಗಿದಿತ್ತು.

ಆಮೇಲೆ ದಾರಿ ಬದಲಿಸಿದೆ. ಜಿಯೋಜೀಬ್ರಾ ಅಂತ ಒಂದು ಉಚಿತ ತಂತ್ರಾಂಶ ಇದೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನುವವರು ತಮ್ಮ ಸ್ನಾತಕೋತ್ತರ ಓದಿನ ಭಾಗವಾಗಿ ಶುರು ಮಾಡಿದ್ದು. ನಮ್ಮ ರಾಜ್ಯದ ಎಷ್ಟೋ ಗಣಿತ ಶಿಕ್ಷಕರು ತರಬೇತಿಗಳಲ್ಲಿ ಇದನ್ನು ಕಲಿತಿದ್ದಾರೆ, ನಾನೂ ಹಾಗೇ ಕಲಿತೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ನನ್ನ ಫೋನು, ನಮ್ಮ ಮನೆಯ ಎರಡು ಹಳೆ ಫೋನು, ಸಹೋದ್ಯೋಗಿಗಳು ಕೊಟ್ಟ ಎರಡು, ಶಾಲೆಯ ಎರಡು ಲ್ಯಾಪ್‌ಟಾಪು. ಒಟ್ಟು ಏಳು. ಒಂಬತ್ತನೇ ತರಗತಿಯಲ್ಲಿ 42 ಮಕ್ಕಳು. ಆರಾರು ಜನರ ಗುಂಪು ಮಾಡಿದೆ.

ತ್ರಿಭುಜ ಬರೆಯಿರಿ, ಒಂದು ಮೂಲೆ ಹಿಡಿದು ಎಳೆಯಿರಿ, ಕೋನಗಳನ್ನು ಕೂಡಿ ನೋಡಿ. ಇಷ್ಟೇ ಹೇಳಿದ್ದು. ಮಕ್ಕಳಿಗೆ ಗೊಂದಲ ಬೇಡ ಅಂತ ದಶಮಾಂಶ ಕಾಣದ ಹಾಗೆ ಮೊದಲೇ ಸೆಟ್ ಮಾಡಿದ್ದೆ. ಐದು ನಿಮಿಷ ಆಗಿರಲಿಲ್ಲ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಸರ್, ನಮ್ದು 181 ಬಂತು!"

ಇಡೀ ತರಗತಿ ಅವರ ಗುಂಪಿನ ಕಡೆ ನುಗ್ಗಿತು. 61, 60, 60. ಕೂಡಿದರೆ 181, ನಿಜ. ಒಬ್ಬಳು ಫೋನ್ ಕೆಟ್ಟಿದೆ ಅಂದಳು. ಇನ್ನೊಬ್ಬ ಪುಸ್ತಕದಲ್ಲೇ ತಪ್ಪಿರಬಹುದು ಅಂದ. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು, ತಡೆದುಕೊಂಡೆ. ಪುಣ್ಯಕ್ಕೆ ತಡೆದುಕೊಂಡೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಸೆಟ್ಟಿಂಗ್ಸ್ ಒಳಗೆ ಹೋಗಿ ತಡಕಾಡಿ ಒಂದು ದಶಮಾಂಶ ತೋರಿಸುವ ಹಾಗೆ ಮಾಡಿದಳು. 60.6, 59.7, 59.7. ಕೂಡಿದರು. 180. "ಸರ್, ಇದು ಮೂರನ್ನೂ ಮೇಲಕ್ಕೆ ರೌಂಡ್ ಆಫ್ ಮಾಡ್ಬಿಟ್ಟಿದೆ!" ಅಂತ ಅವಳು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು.

ಅಲ್ಲಿಗೇ ಮುಗಿಯಲಿಲ್ಲ. ಹಾಗಾದ್ರೆ 179 ಬರಿಸಬಹುದಾ ಅಂತ ಹುಡುಕಾಟ ಶುರುವಾಯಿತು, ಮಾರನೇ ದಿನ ಬರಿಸಿಯೂ ಬಿಟ್ಟರು. 182 ಬರುತ್ತಾ ಅಂತ ನಾನು ಕೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ, ಪರೀಕ್ಷೆಯಲ್ಲಿ ಯಾವತ್ತೂ 40ರ ಮೇಲೆ ಅಂಕ ತೆಗೆಯದ ಒಬ್ಬ ಹುಡುಗ ಹೇಳಿದ: "ಬರಲ್ಲ ಸರ್. ಒಂದು ಕೋನಕ್ಕೆ ಹೆಚ್ಚು ಅಂದ್ರೆ ಅರ್ಧ ಸೇರುತ್ತೆ. ಮೂರಕ್ಕೂ ಸೇರಿ ಒಂದೂವರೆ. ಎರಡು ಎಲ್ಲಿಂದ ಬರುತ್ತೆ?" ನನ್ನ ಕಣ್ಣಲ್ಲಿ ನೀರು ಬಂತು. 17 ವರ್ಷದ ನೌಕರಿಯಲ್ಲಿ ಇಂಥ ದಿನಗಳು ಬೆರಳೆಣಿಕೆಯಷ್ಟು.

180 ಯಾಕೆ ಅನ್ನುವುದರ ಸಾಧನೆಯನ್ನು, ಅಂದ್ರೆ ಗಣಿತದ ಪುರಾವೆಯನ್ನು, ಆಮೇಲೆ ಹಲಗೆ ಮೇಲೆ ಸೀಮೆಸುಣ್ಣದಲ್ಲೇ ಮಾಡಿದೆವು. ಒಂದು ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ, ಪರ್ಯಾಯ ಕೋನಗಳು, ಅದೇ ಹಳೆ ಸಾಧನೆ. ಫೋನಿನಲ್ಲಿ ನೂರು ತ್ರಿಭುಜ ನೋಡಿದರೂ ಅದು ಸಾಧನೆ ಆಗಲ್ಲ ಅಂತ ಅವರಿಗೆ ಈಗ ಗೊತ್ತಿತ್ತು, ಯಾಕಂದ್ರೆ ಫೋನು ತೋರಿಸಿದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬಾರದು ಅಂತ ಅವರೇ ಕಂಡುಕೊಂಡಿದ್ದರು. ಸಾಧನೆ ಬೇಕು ಅಂತ ಈ ಸಲ ಅವರೇ ಕೇಳಿದರು.

ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ವಿಡಿಯೋನೂ ಡಿಜಿಟಲ್, ಇದೂ ಡಿಜಿಟಲ್. ಒಂದರಲ್ಲಿ ಮಗು ಕೈಕಟ್ಟಿ ಕೂತಿತ್ತು, ಇನ್ನೊಂದರಲ್ಲಿ ಮಗುವಿನ ಬೆರಳು ತ್ರಿಭುಜದ ಮೂಲೆಯ ಮೇಲಿತ್ತು. ನಾವು "ಡಿಜಿಟಲ್ ಶಿಕ್ಷಣ" ಅಂತ ಒಂದೇ ಹೆಸರಲ್ಲಿ ಎರಡನ್ನೂ ಕರೆಯುತ್ತೇವೆ. ದುಡ್ಡು ಜಾಸ್ತಿ ಹೋಗುವುದು ಮೊದಲನೆಯದಕ್ಕೆ.

ನನ್ನ ಮನೆಯವರು ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತಾರೆ. ಚಿಕ್ಕ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಾಲೆಗೆ ಹೋಗಿ, ಅಲ್ಲಿನ ಪದ್ಧತಿ ನೋಡಿಕೊಂಡು ಬಂದು, ಯುನಿಸೆಫ್ ಬೆಂಬಲದಲ್ಲಿ ನಮ್ಮ ಮಕ್ಕಳಿಗೆ ತಕ್ಕ ಹಾಗೆ ಕಾರ್ಡುಗಳನ್ನು ಕಟ್ಟಿದರು. ಒಂದು ದಿನ ಅವರ ತರಗತಿಯಲ್ಲಿ ಹೋಗಿ ಕೂತಿದ್ದೆ. ಬೆಂಚಿಲ್ಲ. ಮಕ್ಕಳು ಬಂದವರೇ ಹವಾಮಾನ ನಕ್ಷೆ ಹತ್ತಿರ ಹೋಗಿ ಇವತ್ತು ಬಿಸಿಲಾ ಮೋಡವಾ ಅಂತ ಗುರುತು ಹಾಕುತ್ತಾರೆ. ಪಾಠದ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿಯಲ್ಲಿ ತಾವು ಎಲ್ಲಿದ್ದೇವೆ ಅಂತ ನೋಡಿಕೊಂಡು, ತಮ್ಮ ಕಾರ್ಡ್ ತೆಗೆದುಕೊಂಡು, ತಮ್ಮ ತಟ್ಟೆಯಲ್ಲಿ (ಅಲ್ಲಿ ಗುಂಪಿಗೆ ಹಾಗನ್ನುತ್ತಾರೆ) ಹೋಗಿ ಕೂರುತ್ತಾರೆ. ಒಂದು ತಟ್ಟೆಗೆ ಟೀಚರ್ ಬೇಕು, ಇನ್ನೊಂದಕ್ಕೆ ಗೆಳೆಯರು ಸಾಕು, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತೆ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಕಪ್ಪು ಹಲಗೆ, ಅವರವರ ಜಾಗದಲ್ಲಿ ಅವರವರು ಬರೆಯುತ್ತಾರೆ. ಒಂದು ವಾರ ರಜೆ ಹಾಕಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತೆ.

ನಲಿ-ಕಲಿ ಮೇಲೆ ದೂರುಗಳೂ ಇವೆ, ನನ್ನ ಮನೆಯವರೇ ಹೇಳುತ್ತಾರೆ. ಮೂರು ತರಗತಿಯ ಮಕ್ಕಳು ಒಟ್ಟಿಗೆ ಇದ್ದು ಟೀಚರ್ ಒಬ್ಬರೇ ಆದಾಗ ಕಷ್ಟ. ಕಾರ್ಡು ಹರಿದರೆ ಹೊಸದು ಬೇಗ ಬರಲ್ಲ. ಆದರೆ ಒಂದು ಯೋಚನೆ ಮಾಡಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತೆ ಅಂತ ಇವತ್ತು ದೊಡ್ಡ ದೊಡ್ಡ ಆ್ಯಪ್‌ಗಳು ಜಾಹೀರಾತು ಕೊಡುತ್ತವಲ್ವಾ, ಅದನ್ನು ಕರೆಂಟೇ ಇಲ್ಲದೆ, ರಟ್ಟಿನ ಕಾರ್ಡಿನಲ್ಲಿ, ನಮ್ಮದೇ ರಾಜ್ಯದ ಸರ್ಕಾರಿ ಶಾಲೆಯ ಶಿಕ್ಷಕರು 30 ವರ್ಷದ ಹಿಂದೆ ಮಾಡಿ ತೋರಿಸಿದ್ದಾರೆ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಮೊದಲು ನಿಜವಾದ ಸೆಲ್ಲು, ವೈರು, ಟಾರ್ಚ್ ಬಲ್ಬು. ಮಕ್ಕಳು ಜೋಡಿಸಿ, ಬಲ್ಬ್ ಹತ್ತದೆ ಒದ್ದಾಡಿ, ಹತ್ತಿಸಿದ ಮೇಲೆ ಮಾತ್ರ ಫೆಟ್ ತೆರೆಯುತ್ತಾರೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದ, ಕಂಪ್ಯೂಟರ್ ಪರದೆ ಮೇಲೆ ಮಾಡುವ ಉಚಿತ ಪ್ರಯೋಗಗಳು ಅವು. ವೈರಿನೊಳಗೆ ಎಲೆಕ್ಟ್ರಾನ್ ಹರಿಯುವುದು ಅದರಲ್ಲಿ ಕಾಣುತ್ತೆ, ಬರಿಗಣ್ಣಿಗೆ ಅದು ಎಲ್ಲಿ ಕಾಣಬೇಕು? ಶಾರ್ಟ್ ಸರ್ಕ್ಯೂಟ್ ಮಾಡಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತೆ, ಯಾರ ಕೈಯೂ ಸುಡಲ್ಲ. ಕೈಯಲ್ಲಿ ಮಾಡಬಹುದಾದದ್ದನ್ನು ಕೈಯಲ್ಲೇ ಮಾಡಿಸಿ, ಆಗದಿದ್ದದ್ದಕ್ಕೆ ಮಾತ್ರ ಪರದೆ. ಅವರಿಂದ ನಾನು ಕಲಿತದ್ದು ಬಹಳ.

ಕೊರೊನಾ ಕಾಲವನ್ನು ನೆನಪಿಸಿಕೊಳ್ಳಿ. 2020ರಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬರುತ್ತಿದ್ದವು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ ನಾವು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳು ಅಂತ ಮಕ್ಕಳಿದ್ದಲ್ಲಿಗೆ ಹೋದೆವು, ಅಕ್ಟೋಬರಿನಲ್ಲಿ ಅದೂ ನಿಂತಿತು. ಟಿವಿ ಪಾಠ ಚೆನ್ನಾಗಿಯೇ ಇದ್ದವು. ಆದರೆ ಮಕ್ಕಳು ಟಿವಿಯಲ್ಲಿ ಅರ್ಥವಾಗದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅರಳಿಕಟ್ಟೆಗೆ ಬರುತ್ತಿದ್ದರು. ಆ ಹಾಳೆ ಇಲ್ಲದಿದ್ದರೆ, ಅದನ್ನು ಓದುವವರು ಯಾರೂ ಇಲ್ಲದಿದ್ದರೆ, ಆ ಪಾಠ ಗಾಳಿಗೆ ಹೋಗುತ್ತಿತ್ತು.

ಫೋನು ಮಕ್ಕಳನ್ನು ಹಾಳು ಮಾಡುತ್ತೆ, ಶಾಲೆಯಲ್ಲೂ ಯಾಕೆ ಅಂತ ಕೇಳುವ ಪೋಷಕರಿಗೆ ನನ್ನ ಉತ್ತರ ಒಂದಿದೆ. ಹಳ್ಳಿ ಮಕ್ಕಳ ಓದಿನ ಬಗ್ಗೆ ಪ್ರಥಮ್ ಸಂಸ್ಥೆ ನಡೆಸುವ ಸಮೀಕ್ಷೆಯಾದ ಅಸರ್‌ನ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ. 82ರಷ್ಟು ಜನರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತೆ. ಅವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ. 57, ಸೋಶಿಯಲ್ ಮೀಡಿಯಾಗೆ ಬಳಸಿದವರು ಶೇ. 76. ಫೋನು ಆಗಲೇ ಅವರ ಕೈ ಸೇರಿದೆ. ಅದರಲ್ಲಿ ತ್ರಿಭುಜವನ್ನೂ ಎಳೆಯಬಹುದು ಅಂತ ನಾವಲ್ಲದೆ ಇನ್ಯಾರು ತೋರಿಸುತ್ತಾರೆ? ಹಾಗಂತ ಮಗುವಿನ ಬ್ಯಾಗಿನಲ್ಲಿ ಫೋನ್ ಕಳಿಸಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಕಳಿಸಬೇಡಿ. ಆರು ಮಕ್ಕಳಿಗೆ ಒಂದು, ಅದೂ ಶಾಲೆಯದ್ದು, ಅದೂ ಪಾಠ ಮುಗಿದ ಮೇಲೆ ಬೀರುವಿಗೆ. ಆರು ಜನಕ್ಕೆ ಒಂದೇ ಇರುವುದೇ ಒಳ್ಳೇದು ಅಂತಲೂ ನನಗೆ ಅನ್ನಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದರೆ ಆ 181ರ ಬಗ್ಗೆ ಜಗಳವೇ ಆಗುತ್ತಿರಲಿಲ್ಲ.

ಶಿಕ್ಷಕರ ಸಮಯದ ವಿಷಯ ಹೇಳದೆ ಬಿಡಲಾರೆ. ಆ ಜಿಯೋಜೀಬ್ರಾ ಪಾಠಕ್ಕೆ ತಯಾರಾಗಲು ನನಗೆ ಎರಡು ಸಂಜೆ ಬೇಕಾಯಿತು. ಆದರೆ ನಮ್ಮ ಫೋನಿನಲ್ಲಿ ಪಾಠಕ್ಕಿಂತ ವರದಿಯೇ ಜಾಸ್ತಿ. ಹಾಜರಾತಿ, ಬಿಸಿಯೂಟ, ಮೊಟ್ಟೆ ಲೆಕ್ಕ, ಕಾರ್ಯಕ್ರಮದ ಫೋಟೋ, ಎಲ್ಲವನ್ನೂ ಒಂದೊಂದು ಕಡೆ ತುಂಬಬೇಕು. ಲೆಕ್ಕ ಬೇಡ ಅನ್ನುತ್ತಿಲ್ಲ, ಮಕ್ಕಳ ಊಟದ ಲೆಕ್ಕ ಇರಲೇಬೇಕು. ಅದನ್ನು ತುಂಬಲು ಕ್ಲಸ್ಟರಿಗೊಬ್ಬ, ಅಂದ್ರೆ ಅಕ್ಕಪಕ್ಕದ ಕೆಲವು ಶಾಲೆಗಳಿಗೆ ಸೇರಿ ಒಬ್ಬ, ಸಹಾಯಕರನ್ನು ಕೊಟ್ಟರೆ ನಮ್ಮ ಆ ಹೊತ್ತೆಲ್ಲ ಪಾಠದ ತಯಾರಿಗೆ ಸಿಗುತ್ತೆ. ನನ್ನ ಮಟ್ಟಿಗೆ ಅದೇ ದೊಡ್ಡ ಡಿಜಿಟಲ್ ಸುಧಾರಣೆ.

ಇನ್ನು ಊರಿನ ಶಾಲೆಗೆ ಏನಾದರೂ ಮಾಡಬೇಕು ಅಂತ ಮನಸ್ಸಿರುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವ ನಮ್ಮ ಮಕ್ಕಳು ಕೇಳುತ್ತಲೇ ಇರುತ್ತಾರೆ, ಸರ್ ಶಾಲೆಗೆ ಏನು ಕೊಡಲಿ ಅಂತ. ದೊಡ್ಡ ಬೋರ್ಡ್ ಕೊಡಿಸುವ ಮುಂಚೆ ಅಲ್ಲಿ ಪಾಠ ಮಾಡುವವರನ್ನು ಒಂದು ಸಲ ಕೇಳಿ. ನಮ್ಮಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಬರುವುದು ಸಂಜೆಗೆ, ಬೋರ್ಡಿಗಿಂತ ಮೊದಲು ಯುಪಿಎಸ್ ಬೇಕಿತ್ತು. ಇಲ್ಲವಾದರೆ ಇನ್ನೂ ಸುಲಭದ್ದು ಒಂದಿದೆ. ನಿಮ್ಮ ಮನೆಯ ಡ್ರಾಯರಿನಲ್ಲಿ ಸುಮ್ನೆ ಬಿದ್ದಿರುವ, ಸ್ಕ್ರೀನಿನ ಮೂಲೆಯಲ್ಲಿ ಬಿರುಕು ಬಿಟ್ಟ ಹಳೆ ಫೋನ್ ಇದೆಯಲ್ವಾ, ಅದರ ಸಿಮ್ ತೆಗೆದು, ಫೋಟೋ, ನಂಬರ್ ಎಲ್ಲ ಅಳಿಸಿ, ನಿಮ್ಮೂರ ಹೈಸ್ಕೂಲಿನ ಗಣಿತದ ಮೇಷ್ಟ್ರ ಕೈಗೆ ಕೊಡಿ. ಚಾರ್ಜರ್ ಸಮೇತ ಕೊಡಿ.